ತರಬೇತಿಗೆ ಕೂತವರು 40, ಸುವಾರ್ತೆ ಹೇಳಲು ಹೊರಟವರು 3: ತಪ್ಪು ಎಲ್ಲಿದೆ?

ಮಂಡ್ಯ ಸಭಾಹಿರಿಯ
ಎಲ್ಲರಿಗೂ ವಂದನೆ. ನಮ್ಮದು ನೂರಿಪ್ಪತ್ತು ಜನರ ಕ್ರೈಸ್ತ ಸಭೆ (ಚರ್ಚು). ಎರಡು ದಿನದ ಸುವಾರ್ತಾ ತರಬೇತಿ, ಅಂದರೆ ಯೇಸುವಿನ ವಿಷಯವನ್ನು ಹೊರಗಿನವರಿಗೆ ಹೇಳಲು ಕಲಿಸುವ ತರಬೇತಿ, ಇಟ್ಟಿದ್ದೆವು. ಹೊರಗಿನ ಬೋಧಕರು, 40 ಜನ, ಪುಸ್ತಕ, ಸರ್ಟಿಫಿಕೇಟ್, ಊಟ ಎಲ್ಲ ಆಯಿತು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಐದು ವಚನ (3:23, 6:23, 5:8, 10:9, 10:13) ಬಾಯಿಪಾಠ ಮಾಡಿಸಿದರು. ಮೂರು ತಿಂಗಳಾಯಿತು. ಹೊರಗಿನವರೊಬ್ಬರ ಜೊತೆ ಒಂದು ಸಲವಾದರೂ ಕೂತು ಮಾತಾಡಿದವರು ಮೂರೇ ಜನ. ಮಿಕ್ಕವರು ಹೇಳೋದು: "ಭಯ ಆಗುತ್ತೆ", "ಯಾರ ಹತ್ತಿರ ಶುರು ಮಾಡೋದು", "ಗಲಾಟೆ ಆದರೆ ಯಾರು ನೋಡ್ಕೋತಾರೆ".

ಪಾಠವೇ ಸರಿಯಿರಲಿಲ್ಲವೋ, ಆಮೇಲೆ ಮಾಡಬೇಕಾದ್ದನ್ನು ನಾವು ಬಿಟ್ಟೆವೋ? "ಪ್ರಾರ್ಥನೆ ಮಾಡಿ" ಎಂದಷ್ಟೇ ಬರೆಯಬೇಡಿ, ಅದು ದಿನಾ ನಡೆಯುತ್ತಿದೆ. ಕ್ರಮ ಹೇಳಿ.

ಗದಗಿನ ಉಪದೇಶಿ
ಪಾಠದಾಗ ತಪ್ಪಿಲ್ಲರಿ. ಪಾಠ ಆದ ಮ್ಯಾಲೆ ಮುಂದಿನ ಶನಿವಾರ ಯಾರು ಯಾರನ್ನ ಕರಕೊಂಡು ಹೋಗಬೇಕು ಅಂತ ಹೆಸರು ಬರದಿರೇನು? ಅಲ್ಲೇ ತಪ್ಪೈತಿ. ದಂಡಿ ಮ್ಯಾಲೆ ಕುಂತು ಈಜು ಕಲಸಾಕ ಬರೂದಿಲ್ಲ.

ಇದಕ್ಕ ನಾಕು ಮೆಟ್ಟಲ ಅದಾವು. ಮೊದಲನೇದು, ನೀವು ಮಾತಾಡ್ರಿ, ಅವ ಬಾಜೂಕ ಕುಂತು ನೋಡ್ಲಿ. ಎರಡನೇದು, ಅರ್ಧ ಅವ, ಅರ್ಧ ನೀವು: ಅವ ತನ್ನ ಸಾಕ್ಷಿ, ಅಂದ್ರ ತಾ ಹೆಂಗ ಯೇಸುನ್ನ ನಂಬಿದೆ ಅನ್ನೂದನ್ನ, ಹೇಳ್ಲಿ, ಉಳಿದದ್ದು ನೀವು ಹೇಳ್ರಿ. ಮೂರನೇದು, ಪೂರಾ ಅವನ ಮಾತಾಡ್ಲಿ, ನೀವು ಬಾಯಿ ಮುಚ್ಚಿಕೊಂಡು ಕುಂದರ್ರಿ. ನಾಕನೇದು, ಅವ ಇನ್ನೊಬ್ಬನ್ನ ಕರಕೊಂಡು ಹೋಗ್ಲಿ, ನೀವು ಮನ್ಯಾಗ ಇರ್ರಿ. ಒಂದೊಂದು ಮೆಟ್ಟಲಕ್ಕ ಮೂರು ಭೇಟಿ ಅಂದ್ರ ಹನ್ನೆರಡು ಭೇಟಿ, ವಾರಕ್ಕೊಂದರಂಗ ಮೂರು ತಿಂಗಳು. ನೀವು ಆ ಮೂರು ತಿಂಗಳು ಸುಮ್ಮನ ಕಾದು ಕುಂತಿರಿ.

ಹೆಚ್ಚಿನ ಕಡೆ ಕೆಡೂದು ಮೂರನೇ ಮೆಟ್ಟಲದಾಗ. ಶಿಷ್ಯ ತಡವರಿಸಿದ ಕೂಡ್ಲೆ ಗುರು ಬಾಯಿ ಹಾಕ್ತಾನ. ಅಲ್ಲಿಗೆ ಮುಗೀತು, ಆ ಹುಡುಗ ಮತ್ತ ಬಾಯಿ ತಗಿಯೂದಿಲ್ಲ.

ವೈಟ್‌ಫೀಲ್ಡ್ ಸೆಲ್ ಲೀಡರ್
ಒಪ್ಪಿದೆ. 1962ರಲ್ಲಿ ಫ್ಲಾರಿಡಾದ ಪಾಸ್ಟರ್ ಡಿ. ಜೇಮ್ಸ್ ಕೆನಡಿ ಶುರು ಮಾಡಿದ ಇವ್ಯಾಂಜೆಲಿಸಂ ಎಕ್ಸ್‌ಪ್ಲೋಶನ್ ಕ್ರಮದ ತಿರುಳೂ ಇದೇ. ಒಬ್ಬ ತರಬೇತುದಾರ, ಇಬ್ಬರು ಕಲಿಯುವವರು, ಮೂವರು ಒಟ್ಟಿಗೆ ಮನೆಗೆ ಹೋಗುವುದು. ಸೆಮಿನರಿ ಓದಿದ್ದರೂ ಕೆನಡಿಗೆ ಮನೆಭೇಟಿಯಲ್ಲಿ ಮಾತು ಹೊರಡುತ್ತಿರಲಿಲ್ಲ. ಅಟ್ಲಾಂಟಾ ಹತ್ತಿರದ ಊರಿನಲ್ಲಿ ಇನ್ನೊಬ್ಬ ಪಾಸ್ಟರ್ ಜೊತೆ ಮನೆಮನೆಗೆ ಹೋಗಿ, ನೋಡಿ ಕಲಿತರು. ನಮ್ಮವರು ಅವರ ಪ್ರಶ್ನೆಗಳನ್ನು ಎತ್ತಿಕೊಂಡರು, ಮೂವರ ತಂಡವನ್ನು ಬಿಟ್ಟರು. ಮುಖ್ಯವಾದದ್ದೇ ಅದು.

ಕೋಲಾರದ ಅಕ್ಕ
ಆ ಪ್ರಶ್ನೆಗಳ ವಿಷಯವನ್ನೂ ಹೇಳಿಬಿಡ್ತೀನಿ. "ಇವತ್ತು ರಾತ್ರಿ ನೀವು ಸತ್ತರೆ ಸ್ವರ್ಗಕ್ಕೆ ಹೋಗ್ತೀರ ಅನ್ನೋ ಖಾತ್ರಿ ಇದೆಯಾ?" ಅಂತ ಹಳ್ಳಿ ಮನೆಯಲ್ಲಿ, ಅದೂ ದೀಪ ಹಚ್ಚೋ ಹೊತ್ತಲ್ಲಿ ಕೇಳಿ ನೋಡಿ. ಮನೆ ಅಜ್ಜಿ "ಬಿಡ್ತು ಅನ್ನಮ್ಮ!" ಅಂತಾರೆ. ಅದು ಶಾಪ ಹಾಕಿದ ಹಾಗೆ ಕೇಳಿಸುತ್ತೆ. ಮಾತು ಅಲ್ಲಿಗೇ ಮುಗಿಯುತ್ತೆ.

ಹೆಣ್ಣುಮಕ್ಕಳ ಹತ್ತಿರ ಇದರ ಬದಲು ಕೇಳಬಹುದಾದ್ದು: "ಮನೆಯಲ್ಲಿ ಎಲ್ಲ ಹೇಗಿದ್ದಾರೆ? ಯಾವುದಕ್ಕಾದರೂ ಪ್ರಾರ್ಥನೆ ಮಾಡಲಾ?" ನೂರಕ್ಕೆ ನೂರು ಜನ ಒಪ್ಪಲ್ಲ, ಆದರೆ ಬಾಗಿಲು ಮುಚ್ಚೋರು ಕಡಿಮೆ. ಅವರು ಹೇಳಿದ್ದನ್ನ ಬರೆದಿಟ್ಕೊಳ್ಳಿ, ಮುಂದಿನ ವಾರ ಹೋದಾಗ ಆ ವಿಷಯ ಏನಾಯ್ತು ಅಂತ ಮೊದಲು ವಿಚಾರಿಸಿ. ಪ್ರಾರ್ಥನೆ ಮಾಡ್ತೀನಿ ಅಂದು ಮರೆತರೆ ಅವರಿಗೆ ತಕ್ಷಣ ಗೊತ್ತಾಗುತ್ತೆ.

ಮಂಡ್ಯ ಸಭಾಹಿರಿಯ
ಅಕ್ಕಾ, "ಬಿಡ್ತು ಅನ್ನು" ಸರಿಯಾಗಿ ಹಿಡಿದಿರಿ. ನಮ್ಮ ಪುಸ್ತಕದಲ್ಲಿ ಅದೇ ಮೊದಲ ಪ್ರಶ್ನೆ. ನಮ್ಮ ಹೆಂಗಸರು ಅದನ್ನು ಕೇಳಲಾರದೆಯೇ ಸುಮ್ಮನಾದರು ಅನ್ನಿಸುತ್ತಿದೆ.

ಬಲ್ಮಠ ಓದುಗ
ಭಾಷೆಯ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ತರಬೇತಿಗಳು ಸೋಲುವುದು ಇಲ್ಲೇ ಎಂದು ನನಗೆ ಕಾಣುತ್ತದೆ. ಸಭೆಯೊಳಗಿನ ಕನ್ನಡ ಒಂದು, ಬೀದಿಯ ಕನ್ನಡ ಇನ್ನೊಂದು. ಒಳಗಿದ್ದವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

"ಪಾಪ" ತೆಗೆದುಕೊಳ್ಳಿ. ಬೀದಿಯಲ್ಲಿ "ಅಯ್ಯೋ ಪಾಪ" ಎಂದರೆ ಮರುಕ. "ಪಾಪಿ" ಎಂದರೆ ಬೈಗುಳ. "ನೀವು ಪಾಪಿ" ಎಂದರೆ ಬೈದಂತೆ. ರೋಮಾಪುರ 3:23ರಲ್ಲಿ ಇರುವುದು "ಎಲ್ಲರೂ". ಹೇಳುವವನು ಮೊದಲು ತನ್ನನ್ನು ಸೇರಿಸಿಕೊಂಡು "ನಾವೆಲ್ಲ ದೇವರಿಂದ ದೂರ ಹೋದವರು, ನಾನೂ ಹೋದವನೇ" ಎನ್ನಬೇಕು.

"ಹೊಸದಾಗಿ ಹುಟ್ಟುವುದು" (ಯೋಹಾನ 3) ಎಂದರೆ ಕೇಳುವವರ ತಲೆಗೆ ಬರುವುದು ಪುನರ್ಜನ್ಮ. "ಹೌದು, ಮುಂದಿನ ಜನ್ಮದಲ್ಲಿ" ಎಂದು ಒಪ್ಪಿಯೂ ಬಿಡುತ್ತಾರೆ. ನಮ್ಮ ಹುಡುಗ "ಒಪ್ಪಿದರು" ಎಂದು ವರದಿ ಬರೆಯುತ್ತಾನೆ. "ಕುರಿಮರಿಯ ರಕ್ತ" ಎಂದರೆ ಮಾರಿಹಬ್ಬ ಕಣ್ಣಿಗೆ ಬರುತ್ತದೆ. ಅದು ಪೂರ್ತಿ ತಪ್ಪಲ್ಲ, ಬಲಿ ಎಂಬ ಅರ್ಥ ಬಂದಿತು. ಆದರೆ ಅಲ್ಲಿ ಮನುಷ್ಯ ದೇವರಿಗೆ ಕೊಡುತ್ತಾನೆ, ಇಲ್ಲಿ ದೇವರೇ ತನ್ನ ಮಗನಾದ ಯೇಸುವನ್ನು ಕೊಡುತ್ತಾನೆ. ಅದನ್ನು ಬಿಡಿಸಿ ಹೇಳದಿದ್ದರೆ ಪ್ರಯೋಜನವಿಲ್ಲ. "ರಕ್ಷಣೆ" ಎಂದರೆ ಪೊಲೀಸ್ ರಕ್ಷಣೆ, "ಸಾಕ್ಷಿ" ಎಂದರೆ ಕೋರ್ಟು, "ಸಭೆ" ಎಂದರೆ ಪಂಚಾಯಿತಿ ಸಭೆ.

ಎಲ್ಲಕ್ಕಿಂತ ಅಪಾಯದ್ದು "ಮಾನಸಾಂತರ". ಗಡಿಬಿಡಿಯಲ್ಲಿ ಹೇಳಿದರೆ ಕೇಳುವವನ ಕಿವಿಗೆ ಬೀಳುವುದು "ಮತಾಂತರ". ಅದರಿಂದ ಗಲಾಟೆಯೇ ಆಗಬಹುದು. "ಮನಸ್ಸು ತಿರುಗಿಸಿಕೊಳ್ಳುವುದು" ಎಂದು ಬಿಡಿಸಿ ಹೇಳಿ.

ಅಭ್ಯಾಸ ಹೀಗೆ: ಇಬ್ಬರನ್ನು ಎದುರುಬದುರು ಕೂರಿಸಿ. ಒಬ್ಬ ಮೂರು ನಿಮಿಷ ಮಾತಾಡಲಿ. ಇನ್ನೊಬ್ಬ ಸಭೆಯೊಳಗಿನ ಮಾತು ಬಂದಾಗಲೆಲ್ಲ ಕೈ ಎತ್ತಲಿ. ಮೊದಲ ಸುತ್ತಿನಲ್ಲಿ ಕೈ ಇಳಿಸಲು ಪುರುಸೊತ್ತಿರುವುದಿಲ್ಲ. ಐದನೇ ಸುತ್ತಿಗೆ ಒಂದೆರಡಕ್ಕೆ ಇಳಿಯುತ್ತದೆ.

ಬೀದರ್ ಮೆಥೊಡಿಸ್ಟ್
ಇದು ಬಾಳ ಚಲೋ ಹೇಳಿದ್ರಿ. ನಮ್ಮ ಕಡಿ ಉರ್ದು, ಮರಾಠಿ, ತೆಲುಗು ಎಲ್ಲಾ ಮಿಕ್ಸ್ ಅದ. ಪುಸ್ತಕದ ಕನ್ನಡ ಮನೆಯವರಿಗೇ ತಿಳಿಯಲ್ಲ. ಯಾರು ಯಾವ ಭಾಷಾದಾಗ ಜಗಳ ಆಡ್ತಾರೋ ಆ ಭಾಷಾದಾಗೇ ಸಾಕ್ಷಿ ಹೇಳಬೇಕು.

ಹಾಸನದ ಯುವಸಂಘ
ಸಾಕ್ಷಿಗೆ ಮೂರು ನಿಮಿಷ ಸಾಕಾಗುತ್ತಾ? ನಮ್ಮಲ್ಲಿ ಸಾಕ್ಷಿ ಅಂದರೆ ಮುಕ್ಕಾಲು ಗಂಟೆ!

ಕೋಲಾರದ ಅಕ್ಕ
@ಹಾಸನದ ಯುವಸಂಘ ಮುಕ್ಕಾಲು ಗಂಟೆ ಸಭೆಯಲ್ಲಿ. ಹೊರಗೆ ಮೂರು ನಿಮಿಷ. ಅಪೊಸ್ತಲರ ಕೃತ್ಯಗಳು 26ರಲ್ಲಿ ಪೌಲ ಅಗ್ರಿಪ್ಪ ರಾಜನ ಮುಂದೆ ಹೇಳಿದ್ದನ್ನ ಗಟ್ಟಿಯಾಗಿ ಓದಿ ಗಡಿಯಾರ ನೋಡಿ, ಬೇಗ ಮುಗಿಯುತ್ತೆ. ಮೊದಲು ಹೇಗಿದ್ದೆ, ಯೇಸುವನ್ನ ಹೇಗೆ ಅರಿತೆ, ಈಗ ಹೇಗಿದೀನಿ, ಮೂರೂ ಅದರಲ್ಲಿ ಇದೆ.

ಮಾಡಿಸೋ ರೀತಿ: ಮೊದಲು ಬರೆಸಿ, ನೋಟ್‌ಬುಕ್ಕಿನ ಒಂದು ಪುಟ, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಪುಟ ಮಡಚಿಡಿಸಿ ಬಾಯಲ್ಲಿ ಹೇಳಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ಎಲ್ಲರೂ ಮಾಡೋ ತಪ್ಪು ಅಂದರೆ "ಮೊದಲು" ಅನ್ನೋ ಭಾಗ ಎರಡೂವರೆ ನಿಮಿಷ, ಯೇಸು ಹತ್ತು ಸೆಕೆಂಡು. ಕುಡಿತ, ಜಗಳ, ಸಾಲ ಎಲ್ಲಾ ಬಣ್ಣ ಕಟ್ಟಿ ಹೇಳ್ತಾರೆ, ಮುಖ್ಯವಾದ ಕಡೆ ಓಡ್ತಾರೆ. ಮೂರೂ ಭಾಗಕ್ಕೆ ಒಂದೊಂದು ನಿಮಿಷ ಅಂತ ಕಟ್ಟು ಹಾಕಿ.

ಇನ್ನೊಂದು ಮಾತು, ಬಿಡಲೇಬಾರದ್ದು: ಸಾಕ್ಷಿಯಲ್ಲಿ ಬೇರೆ ದೇವರ ಹೆಸರು ಎತ್ತಿ ಹಳಿಯಬಾರದು. "ಆ ದೇವರ ಹತ್ತಿರ ಹೋದೆ, ಏನೂ ಆಗಲಿಲ್ಲ" ಅನ್ನೋ ಸಾಲು ಹೊಡೆದುಹಾಕಿಸಿ. ಕೇಳ್ತಾ ಕೂತವರ ಮನೆದೇವರೇ ಅದಾಗಿರಬಹುದು.

ಪಕ್ಕದ್ಮನೆಯವ
ನಾನು ಕ್ರೈಸ್ತನಲ್ಲ. ಓದುತ್ತಾ ಬಂದೆ, ಒಂದು ಮಾತು ಹೇಳಬೇಕೆನಿಸಿತು. ನಿಮ್ಮ ತರಬೇತಿಯಲ್ಲಿ "ಬೇಡ" ಎಂದವರ ಮನೆಯಿಂದ ಎದ್ದು ಬರುವುದು ಹೇಗೆ ಎಂದು ಕಲಿಸುತ್ತೀರಾ? ಜನರಿಗೆ ಸಿಟ್ಟು ಬರುವುದು ಯೇಸುವಿನ ಹೆಸರು ಕೇಳಿದ್ದಕ್ಕಲ್ಲ. ಒಂದು ಸಲ ಬೇಡ ಎಂದ ಮೇಲೂ ಮರುವಾರ ಬೇರೆ ಇಬ್ಬರು ಬಂದು ಮತ್ತೆ ಮೊದಲಿಂದ ಶುರು ಮಾಡುವುದಕ್ಕೆ. ಗಂಡಸರಿಲ್ಲದ ಹೊತ್ತು ನೋಡಿ ಬರುವುದು, ಮಕ್ಕಳ ಕೈಗೆ ಕರಪತ್ರ ಕೊಡುವುದು, ಇವೂ ಅಷ್ಟೇ.

ಗದಗಿನ ಉಪದೇಶಿ
ಸರಿಯಾಗಿ ಹೇಳಿದ್ರಿ ಅಣ್ಣಾರ, ಇದು ಪಾಠದಾಗ ಇರಬೇಕು. ಮಾರ್ಕ 6ರಾಗ, ಲೂಕ 10ರಾಗ ಯೇಸುಸ್ವಾಮಿ ಇದನ್ನ ಮೊದಲ ಹೇಳ್ಯಾರ: ಬರಮಾಡಿಕೊಳ್ಳದ ಊರಿಂದ ಹೊರಡ್ರಿ ಅಂತ. ಮನಿಯಿಂದ ಮನಿಗೆ ತಿರಗಬ್ಯಾಡ್ರಿ ಅಂತನೂ ಅಲ್ಲೇ ಐತಿ. ಒಳಗ ಕರದ ಮನ್ಯಾಗ ಕುಂದರೂದು, ಕರೀಲಿಲ್ಲಂದ್ರ ನಮಸ್ಕಾರ ಹೇಳಿ ಬರೂದು.

ಇದಕ್ಕ ರಿಜಿಸ್ಟರ್ ಬೇಕು. ಎರಡು ಪಟ್ಟಿ. ಒಂದು, ಮತ್ತ ಬರ್ರಿ ಅಂದವರದು. ಇನ್ನೊಂದು, ಬ್ಯಾಡ ಅಂದವರದು, ಬರೇ ಮನಿ ಗುರುತು. ಆ ಎರಡನೇ ಪಟ್ಟಿ ಎಲ್ಲಾ ತಂಡಕ್ಕೂ ಗೊತ್ತಿರಬೇಕು, ಯಾರೂ ಆ ಮನಿಗೆ ಸುವಾರ್ತೆ ಹೇಳಾಕ ಹೋಗಬಾರದು. ನೆರೆಯವರಾಗಿ ಮದುವಿ, ಮಣ್ಣಿಗೆ ಹೋಗೂದು ಬ್ಯಾರೆ ಮಾತು.

ಕಾಯ್ದೆ ಓದುವವ
ಅಪರಿಚಿತರ ಮನೆಗೆ ಹೋಗುವ ಮೊದಲು ಪ್ರತಿ ತರಬೇತಿಯಲ್ಲೂ ಒಂದು ಗಂಟೆ ಕಾನೂನಿಗೆ ಇಡಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪ್ರಚಾರದ ಹಕ್ಕು ಎಂದರೆ ತತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ.

ಇನ್ನು ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022. ಬಲವಂತ, ವಂಚನೆ, ಆಮಿಷ, ಅನುಚಿತ ಪ್ರಭಾವ, ಮದುವೆಯ ಮೂಲಕ ಮಾಡಿಸುವ ಮತಾಂತರ ಅಪರಾಧ. 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ವಿಷಯದಲ್ಲಿ 10 ವರ್ಷದವರೆಗೆ, 50,000 ದಂಡ. ಮತ ಬದಲಿಸುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ವಿಧಿ ನಡೆಸುವವರೂ 30 ದಿನ ಮೊದಲು ತಿಳಿಸಬೇಕು. ಆಮಿಷ ಇರಲಿಲ್ಲ ಎಂದು ತೋರಿಸುವ ಹೊಣೆ ಆರೋಪ ಹೊತ್ತವರ ಮೇಲೆಯೇ ಬೀಳುತ್ತದೆ.

2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಅದನ್ನು ಪತ್ರಿಕೆಯಲ್ಲಿ ಓದಿ "ಕಾಯ್ದೆ ಹೋಯಿತು" ಎಂದುಕೊಂಡವರು ಬಹಳ. ಸಂಪುಟದ ತೀರ್ಮಾನ ಬೇರೆ, ವಿಧಾನಮಂಡಲ ರದ್ದು ಮಾಡುವುದು ಬೇರೆ. ಕಾಯ್ದೆ ಇದೆ ಎಂದುಕೊಂಡೇ ನಡೆಯಿರಿ, ತರಬೇತಿ ಇಡುವ ವಾರ ಊರಿನ ವಕೀಲರೊಬ್ಬರನ್ನು ಕರೆದು ಈಗಿನ ಸ್ಥಿತಿ ಹೇಳಿಸಿ.

ಹಾಸನದ ಯುವಸಂಘ
ಹಾಗಾದರೆ ಅಕ್ಕಿ, ಕಂಬಳಿ ಹಂಚುವುದೂ ಆಮಿಷವಾ? ಬಡವರಿಗೆ ಸಹಾಯ ಮಾಡೋದೇ ಬೇಡ್ವಾ?

ಕಾಯ್ದೆ ಓದುವವ
ಸಹಾಯ ಮಾಡಿ. ಆದರೆ ಎರಡನ್ನೂ ಒಂದೇ ದಿನ, ಒಂದೇ ಜನ, ಒಂದೇ ಚೀಲದಲ್ಲಿ ಮಾಡಬೇಡಿ. ಕಾಯ್ದೆಯ ಆಮಿಷದ ಅರ್ಥದಲ್ಲಿ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಕೋಪದ ಭಯ ಎಲ್ಲವೂ ಬರುತ್ತವೆ. ಅಕ್ಕಿ ಚೀಲದೊಳಗೆ ಕರಪತ್ರ ಇಟ್ಟರೆ ನೀವೇ ಸಾಕ್ಷ್ಯ ಬರೆದುಕೊಟ್ಟ ಹಾಗೆ.

ಗದಗಿನ ಉಪದೇಶಿ
ಕಾಯ್ದೆ ಇರ್ಲಿ ಬಿಡ್ಲಿ, ಇದು ತಪ್ಪ. ಅಕ್ಕಿಗೆ ಬಂದವ ಅಕ್ಕಿ ಮುಗದ ಮ್ಯಾಲೆ ಹೋಗ್ತಾನ. ಅವಗೂ ಅವಮಾನ, ಸುವಾರ್ತೆಗೂ ಅವಮಾನ.

ನರ್ಸ್ ಸಿಸ್ಟರ್
ಪ್ರಾರ್ಥನೆಯ ವಿಷಯ ಮೇಲೆ ಬಂತು, ಅದಕ್ಕೆ ಸೇರಿಸ್ತೀನಿ. ಕಾಯಿಲೆಯವರಿಗೆ ಪ್ರಾರ್ಥನೆ ಮಾಡಲು ಹೋಗುವವರಿಗೆ ಬರೆದೇ ಕೊಡಿ: "ವಾಸಿಯಾಗುತ್ತೆ" ಎಂದು ಮಾತು ಕೊಡಬಾರದು, ಮಾತ್ರೆ ನಿಲ್ಲಿಸಿ ಎಂದು ಯಾವ ಕಾರಣಕ್ಕೂ ಹೇಳಬಾರದು. ಬಿಪಿ ಮಾತ್ರೆ ದಿಢೀರ್ ನಿಲ್ಲಿಸಿದರೆ ಪಾರ್ಶ್ವವಾಯು ಹೊಡೆಯಬಹುದು. ಟಿಬಿ ಔಷಧಿ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆಯಾಗುತ್ತೆ, "ಪ್ರಾರ್ಥನೆಯಿಂದ ವಾಸಿಯಾಯ್ತು" ಎಂದು ಬಿಟ್ಟರೆ ಔಷಧಿಗೆ ಬಗ್ಗದ ಟಿಬಿಯಾಗಿ ತಿರುಗಿ ಬರಬಹುದು. ಮೂರ್ಛೆರೋಗಕ್ಕೂ ಹಾಗೇ. ಯಾರಾದರೂ ಒಬ್ಬರೇ ಮಾತಾಡ್ತಾ, ಕಿವಿಯಲ್ಲಿ ದನಿ ಕೇಳುತ್ತೆ ಎಂದರೆ "ದೆವ್ವ ಬಿಡಿಸ್ತೀವಿ" ಎಂದು ಸುತ್ತ ನಿಂತು ಕೂಗಬಾರದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ, ಪ್ರಾರ್ಥನೆ ಅಲ್ಲಿ ಬೆಂಚಿನ ಮೇಲೆ ಕೂತು ಮೆಲ್ಲಗೆ ಮಾಡಿ.

ಹೆಬ್ಬಾಳ ಪೂರ್ಣಸುವಾರ್ತೆ
ಸಿಸ್ಟರ್, ಇದನ್ನು ಪೂರ್ತಿ ಒಪ್ಪಲಾರೆ. ದೇವರು ಇವತ್ತೂ ವಾಸಿಮಾಡುತ್ತಾನೆ ಎಂದು ಹೇಳದಿದ್ದರೆ ನಾವು ಹೇಳುವ ಸುವಾರ್ತೆ ಅರ್ಧವೇ ಆಗುತ್ತದೆ.

ನರ್ಸ್ ಸಿಸ್ಟರ್
ಹೇಳಿ ಬ್ರದರ್, ನಾನೂ ನಂಬ್ತೀನಿ. ವಾಸಿಯಾದ ಮೇಲೆ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಅವರೇ ನಿಲ್ಲಿಸಲಿ. ಯೇಸುಸ್ವಾಮಿ ಕುಷ್ಠರೋಗಿಗೆ "ಯಾಜಕನಿಗೆ ತೋರಿಸಿಕೋ" ಎಂದು ಕಳಿಸಿದ್ದೂ ಹಾಗೇ ಅಲ್ಲವೇ?

ಹೆಬ್ಬಾಳ ಪೂರ್ಣಸುವಾರ್ತೆ
ಅದನ್ನು ಒಪ್ಪುತ್ತೇನೆ.

ಮಂಡ್ಯ ಸಭಾಹಿರಿಯ
"ಯಾರ ಹತ್ತಿರ ಶುರು ಮಾಡೋದು" ಎಂಬ ಪ್ರಶ್ನೆ ಹಾಗೇ ಉಳಿಯಿತು. ಗುರುತಿಲ್ಲದ ಬೀದಿಗೆ ಹೋಗಬೇಕೋ, ಪರಿಚಯದವರ ಬಳಿಗೋ?

ವೈಟ್‌ಫೀಲ್ಡ್ ಸೆಲ್ ಲೀಡರ್
ಪರಿಚಯದವರು. ರೋಮನ್ ಸೇನಾಧಿಕಾರಿ ಕೊರ್ನೇಲ್ಯ (ಕೃತ್ಯಗಳು 10) ಯೇಸುವಿನ ಶಿಷ್ಯ ಪೇತ್ರ ಬರುವ ಮೊದಲೇ ತನ್ನ ನಂಟರನ್ನೂ ಹತ್ತಿರದ ಸ್ನೇಹಿತರನ್ನೂ ಕೂಡಿಸಿದ್ದ. ದೆವ್ವ ಬಿಟ್ಟುಹೋದವನು ಜೊತೆಗೆ ಬರುತ್ತೇನೆಂದಾಗ ಯೇಸು ಒಪ್ಪಲಿಲ್ಲ, ನಿನ್ನ ಮನೆಯವರ ಬಳಿಗೆ ಹೋಗು ಎಂದು ಕಳಿಸಿದರು (ಮಾರ್ಕ 5).

ಒಂದು ಹಾಳೆ ಕೊಡಿ. ಮನೆಯವರು, ನೆಂಟರು, ಕೆಲಸದ ಜಾಗ, ಅಂಗಡಿ, ಹಾಲು ಹಾಕುವ ಡೇರಿ, ಮಕ್ಕಳ ಸ್ಕೂಲ್ ಹತ್ತಿರ ಸಿಗುವವರು, ಹೀಗೆ ಗುಂಪು ಗುಂಪಾಗಿ 20 ಹೆಸರು. ಅದರಲ್ಲಿ 5 ಹೆಸರಿಗೆ ಗೆರೆ. ಆ ಐವರಿಗೆ ಒಂದು ತಿಂಗಳು ದಿನಾ ಪ್ರಾರ್ಥನೆ, ವಾರಕ್ಕೊಮ್ಮೆ ಮಾತು, ಸುವಾರ್ತೆಯ ಮಾತೇ ಆಗಬೇಕೆಂದಿಲ್ಲ. ಆಫೀಸಿನಲ್ಲಿ ಕೈಕೆಳಗಿನವರ ಹೆಸರು ಬರೆದಿದ್ದರೆ ಹೊಡೆದುಹಾಕಿ. ಬಾಸ್ ಕರೆದರೆ ಬೇಡ ಎನ್ನುವುದು ಅವರಿಗೆ ಕಷ್ಟ, ಅದು ನಿಜವಾದ ಒಪ್ಪಿಗೆಯಲ್ಲ. ಸ್ಕೂಲ್ ಟೀಚರ್‌ಗಳಿಗೂ ಇದೇ ಮಾತು, ತರಗತಿಯ ಮಕ್ಕಳು ಪಟ್ಟಿಯಲ್ಲಿ ಇರಕೂಡದು.

ಬೀದರ್ ಮೆಥೊಡಿಸ್ಟ್
ಹತ್ತು ವರ್ಷದ ಹಿಂದೆ ವಿಶ್ವಾಸಕ್ಕ ಬಂದವರಿಗೆ 20 ಹೆಸರು ಸಿಗಲ್ರಿ. ಅವರ ದೋಸ್ತರೆಲ್ಲಾ ಸಭಾದವರೇ ಆಗಿರ್ತಾರ. ಹೊಸದಾಗಿ ಬಂದವರಿಗೆ 60 ಹೆಸರು ಬರ್ತಾವ. ಅದಕ್ಕೇ ತರಬೇತಿಗೆ ಮೊದಲ ಹೊಸಬರನ್ನ ಕೂಡಿಸ್ರಿ, ಹಿರಿಯರನ್ನಲ್ಲ.

ಮಂಡ್ಯ ಸಭಾಹಿರಿಯ
ಅಯ್ಯೋ, ನಮ್ಮ 40ರಲ್ಲಿ ಹೊಸಬರು ನಾಲ್ಕೇ ಜನ. ಆ ಮೂವರಲ್ಲಿ ಇಬ್ಬರು ಅವರೇ!

ಹೆಬ್ಬಾಳ ಪೂರ್ಣಸುವಾರ್ತೆ
ಹೊಸಬರಿಗೆ ಅಡಿಪಾಯ ಇರುವುದಿಲ್ಲ. ತಪ್ಪು ಉಪದೇಶ ಹರಡಿದರೆ?

ಬಲ್ಮಠ ಓದುಗ
ಆದಿಸಭೆಯ ಬೋಧಕ ಅಪೊಲ್ಲೋಸನಿಗೂ ಪೂರ್ತಿ ತಿಳಿದಿರಲಿಲ್ಲ. ಪ್ರಿಸ್ಕಿಲ್ಲ, ಅಕ್ವಿಲ ಅವನ ಬಾಯಿ ಮುಚ್ಚಿಸಲಿಲ್ಲ, ಮನೆಗೆ ಕರೆದು ತಿದ್ದಿದರು (ಕೃತ್ಯಗಳು 18:26). ಮಾರ್ಗದರ್ಶಿ ಬೇಕಾಗುವುದು ಅದಕ್ಕೇ. ಹೊಸಬ ತನ್ನ ಸಾಕ್ಷಿ ಮತ್ತು ಸುವಾರ್ತೆಯ ಒಂದು ಕಥೆ ಹೇಳಲಿ. ಕಷ್ಟದ ಪ್ರಶ್ನೆ ಬಂದರೆ "ಗೊತ್ತಿಲ್ಲ, ಕೇಳಿ ಬಂದು ಹೇಳ್ತೀನಿ" ಎನ್ನುವುದನ್ನು ಕಲಿಸಿ.

ಕೋಲಾರದ ಅಕ್ಕ
ಕಥೆ ಅಂದಿರಲ್ಲ, ಓದು ಬರದವರಿಗೆ ಅದೇ ದಾರಿ. ಕಳೆದುಹೋದ ಮಗ (ಲೂಕ 15), ಸಮಾರ್ಯದ ಹೆಂಗಸು (ಯೋಹಾನ 4), ಜಕ್ಕಾಯ (ಲೂಕ 19), ಶಿಲುಬೆ ಮತ್ತು ಪುನರುತ್ಥಾನ, ಈ ನಾಲ್ಕು ಸಾಕು. ತಿಂಗಳಿಗೊಂದು. ನೀವು ಒಂದು ಸಲ ಹೇಳಿ, ಗುಂಪಿನಲ್ಲಿ ಒಬ್ಬರು ತಿರುಗಿ ಹೇಳಲಿ, ಬಿಟ್ಟುಹೋದದ್ದನ್ನ ಮಿಕ್ಕವರು ಸೇರಿಸಲಿ. ಆಮೇಲೆ ನಾಲ್ಕು ಪ್ರಶ್ನೆ: ಏನು ಹಿಡಿಸಿತು, ಏನು ಅರ್ಥವಾಗಲಿಲ್ಲ, ಇದರಲ್ಲಿ ದೇವರು ಎಂಥವನು, ಈ ವಾರ ಯಾರಿಗೆ ಹೇಳ್ತೀರಿ. ಕೊನೇ ಪ್ರಶ್ನೆಗೆ ಹೆಸರೇ ಹೇಳಬೇಕು. "ಎಲ್ಲರಿಗೂ ಹೇಳ್ತೀನಿ" ಅಂದವರು ಯಾರಿಗೂ ಹೇಳಲ್ಲ.

ಹೊತ್ತು ನೋಡಿ ಹೋಗಿ. ಹಳ್ಳಿಯಲ್ಲಿ ಹೆಂಗಸರಿಗೆ ಬಿಡುವು ಮಧ್ಯಾಹ್ನ ಎರಡರಿಂದ ನಾಲ್ಕು, ಆಮೇಲೆ ಹಾಲು ಕರೆಯೋ ಹೊತ್ತು. ಸುಗ್ಗಿಯಲ್ಲಿ ಹೋಗಲೇಬೇಡಿ. ಹೆಂಗಸರ ಹತ್ತಿರ ಹೆಂಗಸರೇ ಇಬ್ಬರು ಹೋಗಬೇಕು. ಕದ್ದು ಹೋಗಬೇಡಿ, ಮನೆ ಯಜಮಾನರಿಗೆ ನಾವು ಬರೋದು ಗೊತ್ತಿರಲಿ, ಪಕ್ಕದ್ಮನೆಯಣ್ಣ ಹೇಳಿದ ಸಿಟ್ಟಿಗೆ ಕಾರಣ ಅದೇ.

ಹೆಬ್ಬಾಳ ಪೂರ್ಣಸುವಾರ್ತೆ
ಆ ಮನೆಯಲ್ಲಿ ಪ್ರಸಾದ ಕೊಟ್ಟರೆ? ನಮ್ಮ ಹುಡುಗರು ಪ್ರತಿ ಸಲ ಇದನ್ನೇ ಕೇಳುತ್ತಾರೆ. ತಿನ್ನಬಾರದು ಎಂಬುದು ನನ್ನ ನಿಲುವು.

ಬೀದರ್ ಮೆಥೊಡಿಸ್ಟ್
ಚಾ ಕೊಟ್ರ ಕುಡೀರಿ, ರೊಟ್ಟಿ ಕೊಟ್ರ ತಿನ್ರಿ. ಪ್ರಸಾದಕ್ಕ ಎರಡೂ ಕೈ ಮುಗದು "ನಮಗ ಆಗಲ್ಲಕ್ಕ, ತಪ್ಪ ತಿಳೀಬ್ಯಾಡ್ರಿ" ಅಂದ್ರ ಮುಗೀತು. ಮುಖ ಸಿಂಡರಿಸೋದು, ತಗೊಂಡು ಹೊರಗ ಒಗೆಯೋದು, ಇವೆರಡೂ ಮಾಡಬಾರದು.

ಹೆಬ್ಬಾಳ ಪೂರ್ಣಸುವಾರ್ತೆ
ಮತ್ತೆ ಕುಂಕುಮ, ಬಳೆ, ಹೂವು? ವಿಶ್ವಾಸಕ್ಕೆ ಬಂದ ಮೇಲೆ ತೆಗೆಯಬೇಕಲ್ಲವೇ?

ಕೋಲಾರದ ಅಕ್ಕ
ದಯವಿಟ್ಟು ಮೊದಲ ದಿನವೇ ಅದನ್ನ ಎತ್ತಬೇಡಿ. ಗಂಡ ಇರೋ ಹೆಂಗಸು ಕುಂಕುಮ, ಬಳೆ ತೆಗೆದು ಮನೆಗೆ ಹೋದರೆ ಅತ್ತೆಗೆ ಏನು ಕಾಣುತ್ತೆ? ಗಂಡನಿಗೆ ಕೇಡು ಬಯಸಿದ ಹಾಗೆ ಕಾಣುತ್ತೆ. ಸುವಾರ್ತೆ ಕೇಳುವ ಮೊದಲೇ ಇಡೀ ಮನೆ ತಿರುಗಿಬೀಳುತ್ತೆ. ಅವಳನ್ನ ಹೊಡೆತಕ್ಕೆ ಒಡ್ಡಿ ನಾವು ಸಭೆಯಲ್ಲಿ ಕೈತಟ್ಟೋದು ನ್ಯಾಯವಲ್ಲ.

ಹೆಬ್ಬಾಳ ಪೂರ್ಣಸುವಾರ್ತೆ
ಪರಿಶುದ್ಧತೆಯ ವಿಷಯದಲ್ಲಿ ರಾಜಿಯಾದಂತೆ ಕಾಣುತ್ತದೆ...

ವೇದಿಕೆ ನಿರ್ವಾಹಕ
ಆಭರಣದ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ತರಬೇತಿ.

ಬಲ್ಮಠ ಓದುಗ
ಸ್ವಲ್ಪ ಹಳೆಯ ಮಾತು, ನಿರ್ವಾಹಕರು ಬಿಡಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ಮಿಷನರಿ ಮೋಗ್ಲಿಂಗ್ 1836ರಲ್ಲಿ. ಬಂದವರು ಮೊದಲು ಭಾಷೆಗೆ ಕೂತರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಊರವರನ್ನೇ ಉಪದೇಶಿಗಳನ್ನಾಗಿ ತಯಾರು ಮಾಡಲು ಶಾಲೆಯನ್ನೂ ಕಟ್ಟಿದರು. ಜನರ ಮಾತನ್ನು ಕಲಿಯುವುದು ಅವರಿಗೆ ಸುವಾರ್ತೆಯ ಪಾಠಕ್ಕಿಂತ ಮೊದಲಿನ ಕೆಲಸವಾಗಿತ್ತು. ಈಗ ಹೊರಗಿನ ಪುಸ್ತಕವೊಂದನ್ನು ತಿಂಗಳೊಳಗೆ ತರ್ಜುಮೆ ಮಾಡಿಸಿ 40 ಜನಕ್ಕೆ ಹಂಚುತ್ತೇವೆ.

ಗದಗಿನ ಉಪದೇಶಿ
ಈಗ ಮಾರ್ಗದರ್ಶಿಗೋಳ ವಿಷಯ. ಮಂಡ್ಯದ ಹಿರಿಯರ, ನಿಮ್ಮಲ್ಲಿ ನಡಿಯೂ ಗುರುಗಳು ಮೂವರ ಅಂತ ಇಟಗೊಳ್ರಿ. ಒಬ್ಬಗ ಇಬ್ಬರು, ಹೆಚ್ಚಂದ್ರ ಮೂವರು. ಅಂದ್ರ ಮೊದಲ ಸುತ್ತಿನಾಗ ಆರು ಜನ. ಉಳಿದ ಮೂವತ್ತೊಂದು ಮಂದಿಗೆ "ಕಾಯ್ರಿ" ಅನ್ರಿ, ನಾಚಿಕಿ ಬ್ಯಾಡ. ಎರಡನೇ ಸುತ್ತಿನಾಗ ಈ ಒಂಬತ್ತೂ ಮಂದಿ ಗುರುಗಳು. 2 ತಿಮೊಥೆಯ 2:2ರಾಗ ನಾಕು ತಲಿ ಅದಾವ ನೋಡ್ರಿ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯೂ ಮಂದಿ.

ಭೇಟಿ ಮುಗಿದ ಮ್ಯಾಲೆ ಅದs ದಿವಸ ಹದಿನೈದು ನಿಮಿಷ ಕುಂದರ್ರಿ. ಮರುದಿನಕ್ಕ ಬಿಟ್ರ ಮರತ ಹೋಗ್ತದ. ಏನು ಚಲೋ ಆತು, ಎಲ್ಲಿ ಸಿಕ್ಕೊಂಡಿ, ಮುಂದ ಏನು ಬ್ಯಾರೆ ಮಾಡ್ತಿ. ತಿದ್ದೂದು ಒಂದs ಒಂದು ಹೇಳ್ರಿ. ಹತ್ತು ಹೇಳಿದ್ರ ಅವ ಬರೂದs ಬಿಡ್ತಾನ. ಮತ್ತ ಎದುರಿನವರ ಮನ್ಯಾಗ ತಿದ್ದಬ್ಯಾಡ್ರಿ.

ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ತಾಸು ಒಬ್ಬೊಬ್ಬರ ಕೂಡ ಕುಂದರೂದು ಬ್ಯಾರೆ. ಅದರಾಗ ಸುವಾರ್ತೆ ಲೆಕ್ಕ ಕೇಳೂದಕ್ಕಿಂತ ಮೊದಲ ಅವನ ಮನಿ, ಕೆಲಸ, ಪ್ರಾರ್ಥನಿ ಹೆಂಗ ನಡದೈತಿ ಕೇಳ್ರಿ. ಮನ್ಯಾಗ ಹೆಂಡತಿ ಕೂಡ ಮಾತು ಬಿಟ್ಟಾವ ಮಂದಿ ಮನ್ಯಾಗ ಪ್ರೀತಿ ಸಾರಾಕ ಹೋದ್ರ ಓಣಿಗೆಲ್ಲಾ ಗೊತ್ತಿರ್ತೈತಿ.

ವೈಟ್‌ಫೀಲ್ಡ್ ಸೆಲ್ ಲೀಡರ್
ಲೆಕ್ಕದ ಬಗ್ಗೆ: "ಎಷ್ಟು ಜನ ಕೈ ಎತ್ತಿದರು" ಎಂದು ಬರೆಸಬೇಡಿ. ಅದನ್ನು ಬರೆಸಿದರೆ ಹುಡುಗರು ಕೈ ಎತ್ತಿಸಿಕೊಂಡೇ ಬರುತ್ತಾರೆ. ಮರ್ಯಾದೆಗಾಗಿ ಹೂಂ ಎನ್ನುವ ಜನ ನಮ್ಮವರು, ಬಂದವರ ಮನಸ್ಸು ನೋಯಿಸಬಾರದು ಎಂದು ಪ್ರಾರ್ಥನೆಯನ್ನೂ ಹೇಳಿಬಿಡುತ್ತಾರೆ. ಬರೆಸಬೇಕಾದ್ದು ಎರಡು: ಎಷ್ಟು ಜನರ ಜೊತೆ ಕೂತೆ, ಅದರಲ್ಲಿ ಎಷ್ಟು ಜನ ತಾವಾಗಿ ಮತ್ತೆ ಕರೆದರು. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಪೂರ್ತಿ ಬಂದ್. ಇನ್ನೂ ಯೋಚಿಸುತ್ತಿರುವ ಒಬ್ಬರ ಮುಖ ಊರೆಲ್ಲ ಸುತ್ತಿದರೆ ಅವರ ಯೋಚನೆಯೂ ನಿಲ್ಲುತ್ತದೆ, ಅವರ ಮನೆಯ ನೆಮ್ಮದಿಯೂ ಹೋಗುತ್ತದೆ.

ಹಾಸನದ ಯುವಸಂಘ
ಒಬ್ಬರು ನಿಜವಾಗಿಯೂ ಒಪ್ಪಿದರೆ ಆಮೇಲೆ? ಭಾನುವಾರ ಸಭೆಗೆ ಬನ್ನಿ ಎಂದರೆ ಸಾಕಾ?

ಕೋಲಾರದ ಅಕ್ಕ
ಸಾಕಾಗಲ್ಲ. ಎರಡು ದಿನದೊಳಗೆ ಫೋನ್, ಒಂದು ವಾರದೊಳಗೆ ಮುಖ ನೋಡಬೇಕು. ಮೊದಲು ಮಾತಾಡಿದವರೇ ಹೋಗಬೇಕು, ಬೇರೆಯವರನ್ನ ಕಳಿಸಿದರೆ ಅವರಿಗೆ ಇಲಾಖೆ ಬದಲಾದ ಹಾಗಿರುತ್ತೆ. ವಾರಕ್ಕೊಂದರಂತೆ ಎಂಟು ವಾರ: ಮಾರ್ಕನ ಸುವಾರ್ತೆಯಲ್ಲಿ ಎರಡೆರಡು ಅಧ್ಯಾಯ, ಹದಿನಾರಕ್ಕೆ ಮುಗಿಯುತ್ತೆ. ಭಾನುವಾರದ ಸಭೆಗೆ ಬರೋ ಮೊದಲು ಮನೆಕೂಟಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಮುಖ ಪರಿಚಯವಾಗಲಿ. ಮನೆಯವರ ಜೊತೆ ಜಗಳ ಮಾಡ್ಕೊಂಡು ಬರಬೇಡಿ ಅಂತ ಖಡಾಖಂಡಿತ ಹೇಳಿ.

ಪಕ್ಕದ್ಮನೆಯವ
ನಂಬಿಕೆಯಲ್ಲಿ ನಾನು ನಿಮ್ಮವನಲ್ಲ, ಆದರೂ ಹೇಳುತ್ತೇನೆ. ಬೇಡ ಎಂದವರ ಪಟ್ಟಿ, ಫೋಟೋ ಬಂದ್, ಮನೆಯವರಿಗೆ ತಿಳಿಸಿ ಬರುವುದು, ಈ ಮೂರನ್ನು ಎಲ್ಲ ಸಭೆಗಳೂ ಪಾಲಿಸಿದರೆ ಬೀದಿಯ ಅರ್ಧ ಜಗಳ ಇರುವುದಿಲ್ಲ.

ಮಂಡ್ಯ ಸಭಾಹಿರಿಯ
ಎಲ್ಲರಿಗೂ ಋಣಿ. ಪಾಸ್ಟರ್ ಜೊತೆ ಕೂತು ಬರೆದುಕೊಂಡದ್ದು ಇದು, ತಪ್ಪಿದ್ದರೆ ಹೇಳಿ. ಮೂವರು ಗುರುಗಳು, ಆರು ಕಲಿಯುವವರು, ಹೊಸಬರಲ್ಲಿ ಉಳಿದ ಇಬ್ಬರನ್ನೂ ಸೇರಿಸಿ. ಮೊದಲ ಎರಡು ವಾರ ಮೂರು ನಿಮಿಷದ ಸಾಕ್ಷಿ, ಕೈ ಎತ್ತುವ ಅಭ್ಯಾಸ. ಮೂರನೇ ವಾರ ವಕೀಲರ ಒಂದು ಗಂಟೆ, 20 ಹೆಸರಿನ ಹಾಳೆ. ನಾಲ್ಕನೇ ವಾರದಿಂದ ಹನ್ನೆರಡು ಭೇಟಿ. ಜನವರಿ ಮೊದಲ ವಾರ ಶುರು.

ಕೋಲಾರದ ಅಕ್ಕ
ಜನವರಿ ಬೇಡಣ್ಣ. ನಿಮ್ಮ ಕಡೆ ಭತ್ತದ ಕೊಯ್ಲು, ಒಕ್ಕಣೆ, ಹಿಂದೆಯೇ ಸಂಕ್ರಾಂತಿ. ಯಾರ ಮನೆಯಲ್ಲೂ ಕೂತು ಮಾತಾಡೋ ಪುರುಸೊತ್ತಿರಲ್ಲ.

ಮಂಡ್ಯ ಸಭಾಹಿರಿಯ
ಹೌದಲ್ಲ. ಫೆಬ್ರವರಿ ಮೊದಲ ಶನಿವಾರ ಇಟ್ಟುಕೊಳ್ಳುತ್ತೇವೆ.

ಗದಗಿನ ಉಪದೇಶಿ
ಅಷ್ಟರಾಗ ಆ ಮೂವರು ಗುರುಗಳು ಒಬ್ಬರ ಮುಂದ ಒಬ್ಬರು ಸಾಕ್ಷಿ ಹೇಳಿ ಗಡಿಯಾರ ಹಿಡೀಲಿ. ಗುರುಗಳದ್ದs ಐದು ನಿಮಿಷ ದಾಟ್ತೈತಿ, ನೋಡ್ರಿ ಬೇಕಾದ್ರ.